ತುಕ್ಕು ಗಾಡಿಗೆ ಸೆಲ್ಯೂಟು, ಒಳಗೆ ಕೂತವನಿಗೇನು?

(ದೊಡ್ಡಮಳೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಮಿಲಿಟರಿ ಗಾಡಿಗಳ ಬಗ್ಗೆ, ಪೆರೇಡಿನ ಬಗ್ಗೆ ಮಾತಾಡ್ತೀವಿ ಅಂದಾಗ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ. ಕೇರಿಗೂ ಟ್ಯಾಂಕಿಗೂ ಎಲ್ಲಿಯ ಸಂಬಂಧ ಅಂತ. ಸಂಬಂಧ ಐತೆ. ಕೋಳಿ ಕೂಗೋ ಹೊತ್ತಿಗೆ ಎದ್ದು ಹಳೇ ಮೈಸೂರು ರಸ್ತೆಯಲ್ಲಿ ಓಡುವ ಹುಡುಗರು ಯಾರು? ಸಾಹುಕಾರರ ಮಕ್ಕಳಲ್ಲ. ಸೈನ್ಯದ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿ ಮುಗಿಸಿದವನಿಗೆ ಪೂರ್ತಿ ಅಂಕ. ಆ ಐದೂವರೆ ನಿಮಿಷದ ಮೇಲೆ ಒಂದೊಂದು ಮನೆಯ ಸಾಲ, ಒಬ್ಬೊಬ್ಬ ತಂಗಿಯ ಮದುವೆ, ಒಬ್ಬೊಬ್ಬ ತಾಯಿಯ ಆಸೆ ನಿಂತಿದೆ. ಹಾಗೆ ಓಡುವವನು ನಾಳೆ ಹೋಗಿ ಕೂರುವ ಗಾಡಿ ಯಾವುದು, ಅದನ್ನು ಮೆರವಣಿಗೆ ಮಾಡುವವರು ಯಾರು, ಮೆರವಣಿಗೆ ಮುಗಿದ ಮೇಲೆ ಅವನ ಗತಿ ಏನು? ಇದನ್ನು ನಾವು ಕೇಳದೆ ಇನ್ಯಾರು ಕೇಳಬೇಕು?

2022ರ ಜನವರಿ 26ರಂದು ದೆಹಲಿಯ ಪೆರೇಡಿನಲ್ಲಿ ಒಂದು ವಿಶೇಷ ಇತ್ತು. ಬಾಂಗ್ಲಾ ಯುದ್ಧಕ್ಕೆ 50 ವರ್ಷ ತುಂಬಿದ ನೆನಪಿಗೆ, ಹೊಸ ಅರ್ಜುನ್ ಟ್ಯಾಂಕುಗಳ ಜೊತೆಯಲ್ಲಿ ಮುದಿ ಗಾಡಿಗಳನ್ನೂ ಹೊರಡಿಸಿದರು. ಸೆಂಚೂರಿಯನ್ ಟ್ಯಾಂಕು, ಪಿಟಿ-76 ಅನ್ನುವ ನೀರಿನಲ್ಲಿ ತೇಲುವ ಟ್ಯಾಂಕು, ಅವುಗಳ ಜೊತೆ ಟೋಪಾಸ್ ಅನ್ನುವ ಗಾಡಿ. ಈ ಟೋಪಾಸ್ ಚೆಕೊಸ್ಲೊವಾಕಿಯಾದಲ್ಲಿ ತಯಾರಾದದ್ದು. ಆ ದೇಶವೇ 1993ರಲ್ಲಿ ಒಡೆದು ಎರಡಾಯಿತು. ಮಾಡಿದ ದೇಶ ಭೂಪಟದಲ್ಲಿ ಇಲ್ಲ, ಗಾಡಿ ಮಾತ್ರ ಬಣ್ಣ ಬಳಿಸಿಕೊಂಡು ಸೆಲ್ಯೂಟು ತಗೊಂಡು ಹೋಯಿತು.

ಟ್ಯಾಂಕು ಬೇರೆ, ಇಂಥ ಗಾಡಿ ಬೇರೆ. ಟ್ಯಾಂಕಿನ ಕೆಲಸ ಹೊಡೆಯೋದು. ಇದರ ಕೆಲಸ ಹೊರೋದು. ಹತ್ತು ಹದಿನೈದು ಜನ ಕಾಲಾಳುಗಳನ್ನು ಹೊಟ್ಟೆಯೊಳಗೆ ಕೂರಿಸಿಕೊಂಡು, ಗುಂಡು ಹಾರುವ ಜಾಗದ ತನಕ ಒಯ್ದು ಇಳಿಸೋದು. ಸುತ್ತ ಉಕ್ಕಿನ ಗೋಡೆ. ಹೊಳೆ ಬಂದರೆ ತೇಲಿಕೊಂಡು ದಾಟಬೇಕು, ಅದಕ್ಕೇ ತೂಕ ಹದಿನೈದು ಟನ್ನಿನ ಆಸುಪಾಸು. ಇಲ್ಲೇ ಇರೋದು ಮರ್ಮ. ಗೋಡೆ ದಪ್ಪ ಮಾಡಿದರೆ ಗಾಡಿ ಮುಳುಗುತ್ತೆ. ತೆಳ್ಳಗೆ ಮಾಡಿದರೆ ಗುಂಡು ತೂರುತ್ತೆ. ಟೋಪಾಸಿನ ಗೋಡೆ ಬಂದೂಕಿನ ಗುಂಡನ್ನು, ಸಿಡಿದ ಚೂರುಗಳನ್ನು ತಡೆಯುತ್ತೆ. ಹೆಗಲ ಮೇಲಿಂದ ಹಾರಿಸುವ ರಾಕೆಟ್ಟು ತಗುಲಿದರೆ, ನೆಲಬಾಂಬಿನ ಮೇಲೆ ಹತ್ತಿದರೆ, ತಡೆಯೋದಿಲ್ಲ. ಆಗ ಒಳಗೆ ಕೂತವನಿಗೆ ಅದೇ ಉಕ್ಕಿನ ಪೆಟ್ಟಿಗೆಯೇ ಗೋರಿ.

ಗಾಡಿಗೆ ವಯಸ್ಸಾಗುವುದು ಹೇಗೆ ಅನ್ನೋದನ್ನೂ ತಿಳಿಯಬೇಕು. ರಬ್ಬರು ಒಣಗಿ ಬಿರುಕು ಬಿಡುತ್ತೆ, ತೇಲಬೇಕಾದ ಗಾಡಿಯೊಳಗೆ ನೀರು ನುಗ್ಗುತ್ತೆ. ಚೈನಿನ ಪಿನ್ನುಗಳು ಸವೆಯುತ್ತವೆ. ಬಿಡಿಭಾಗ ಕೊಡುತ್ತಿದ್ದ ಕಾರ್ಖಾನೆ ಮುಚ್ಚುತ್ತೆ. ಒಂದು ಗಾಡಿಯ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕಬೇಕಾಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಎದುರಿನವನ ಆಯುಧ ಹೊಸದಾಗುತ್ತೆ. ಗೋಡೆ ಹಾಗೇ ಇದ್ದರೂ ಸಾಲದಾಗುತ್ತೆ. ಕೊನೆಗೆ ಕೆಲವು ಗುಜರಿಗೆ, ಕೆಲವು ಗುಂಡು ಹೊಡೆದು ಕಲಿಯುವ ಮೈದಾನಕ್ಕೆ ಗುರಿಯಾಗಿ, ಕೆಲವು ಊರಿನ ಸರ್ಕಲ್ಲಿಗೆ ಅಲಂಕಾರವಾಗಿ. ಪುಣ್ಯ ಮಾಡಿದ ಒಂದೆರಡು ಪೆರೇಡಿಗೆ.

ನಮ್ಮ ಸೈನ್ಯ ಈ ಮಾದರಿಯ ಗಾಡಿಗಳನ್ನು ಬಿಟ್ಟು ರಷ್ಯಾದ ಬಿಎಂಪಿ ಗಾಡಿಗಳಿಗೆ ಬಂತು. ಗಾಡಿಯಲ್ಲಿ ಹೋಗಿ ಹೋರಾಡುವ ಕಾಲಾಳುಗಳಿಗೆ ಅಂತ 1979ರಲ್ಲಿ ಮೆಕನೈಸ್ಡ್ ಇನ್‌ಫಂಟ್ರಿ ರೆಜಿಮೆಂಟನ್ನೇ ಕಟ್ಟಿದರು. ಅದನ್ನು ಕಟ್ಟಿದ ಕೆ. ಸುಂದರ್‌ಜಿ, ಮುಂದೆ ಸೈನ್ಯದ ಮುಖ್ಯಸ್ಥರಾದವರು, ಮಹಾರ್ ರೆಜಿಮೆಂಟಿನಿಂದ ಬಂದ ಅಧಿಕಾರಿ. 1987ರಿಂದ ಮೇದಕ್ ಕಾರ್ಖಾನೆಯಲ್ಲಿ ಬಿಎಂಪಿ-2 ಇಲ್ಲೇ ತಯಾರಾಗತೊಡಗಿತು. ಅದಕ್ಕೆ ಇಟ್ಟ ಹೆಸರು ‘ಸಾರಥ್’, ರಥದಿಂದ ಬಂದ ಹೆಸರು. ಅದಕ್ಕೂ ಈಗ ವಯಸ್ಸಾಗಿದೆ. ಅದರ ಜಾಗಕ್ಕೆ ಹೊಸ ಗಾಡಿ ಬರುತ್ತೆ ಬರುತ್ತೆ ಅನ್ನೋ ಮಾತಿಗೇ ಹದಿನೈದು ವರ್ಷ ದಾಟಿದೆ. ನಮ್ಮ ಹುಡುಗ ಓಡಿ ಗೆದ್ದು ಹೋಗಿ ಕೂರುವ ಗಾಡಿ, ಅವನಿಗಿಂತ ಹಿರಿಯದು ಆಗಿರಬಹುದು.

ರಥ ಅಂದ ಮೇಲೆ ನಮ್ಮ ಕಡೆಯ ತೇರುಗಳ ಮಾತು ಬರಲೇಬೇಕು. ತೇರು ನೂರಾರು ವರ್ಷ ಹಳೆಯದಾದರೂ ಊರವರಿಗೆ ಬೇಸರವಿಲ್ಲ. ಹಳೆಯದಾದಷ್ಟೂ ಭಕ್ತಿ ಜಾಸ್ತಿ. ಮರ ಕಡಿದು ತಂದವನು, ಹಗ್ಗ ಹೊಸೆದವನು, ಉರುಳುವ ಗಾಲಿಗೆ ಜೀವದ ಹಂಗು ಬಿಟ್ಟು ಮರದ ತುಂಡು ಕೊಡುವವನು, ಮುಂದೆ ತಮಟೆ ಬಡಿದುಕೊಂಡು ದಾರಿ ಬಿಡಿಸುವವನು, ಇವರನ್ನು ಯಾರೂ ತೇರಿನ ಮೇಲೆ ಹತ್ತಿಸೋದಿಲ್ಲ. ಎಷ್ಟೋ ಊರುಗಳಲ್ಲಿ ತಮಟೆಯ ಸದ್ದು ಗುಡಿಯ ಒಳಗೆ ಹೋಗುತ್ತೆ, ತಮಟೆ ಹಿಡಿದವನು ಹೊರಗೇ ನಿಲ್ಲುತ್ತಾನೆ. ಮೆರವಣಿಗೆ ಅಂದರೆ ಇದು. ಯಾರು ಮೇಲೆ, ಯಾರು ಕೆಳಗೆ, ಯಾರು ಮುಂದೆ, ಯಾರು ಹಿಂದೆ ಅನ್ನೋದನ್ನು ವರ್ಷಕ್ಕೊಮ್ಮೆ ಬೀದಿಯಲ್ಲಿ ನಿಲ್ಲಿಸಿ ಎಲ್ಲರಿಗೂ ಪಾಠ ಹೇಳೋದು.

ಮಿಲಿಟರಿ ಪೆರೇಡೂ ಪಾಠವೇ. 23 ಸೆಪ್ಟೆಂಬರ್ 1918ರಂದು ಹೈಫಾ ಪಟ್ಟಣದ ಮೇಲೆ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ನುಗ್ಗಿ ಗೆದ್ದದ್ದು ನಮ್ಮ ನಾಡಿನವರಿಗೆ ಹೆಮ್ಮೆಯ ಸಂಗತಿ. ಸ್ವಾತಂತ್ರ್ಯ ಬಂದ ಮೇಲೆ ಅಂಥ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ 1953ರಲ್ಲಿ 61ನೇ ಕ್ಯಾವಲ್ರಿ ಮಾಡಿದರು. ಅದು ಇವತ್ತಿಗೂ ದೆಹಲಿಯ ಪೆರೇಡಿನಲ್ಲಿ ಕುದುರೆ ಏರಿ ಬರುತ್ತೆ. ಕುದುರೆಯಿಂದ ಯುದ್ಧ ಮಾಡುವ ಕಾಲ ಹೋಗಿ ಎಷ್ಟೋ ಆಯಿತು, ಆದರೂ ಕುದುರೆಯ ಗತ್ತು ಬೇಕು. ಅದೇ ದೇಶದ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶದ ಹಳ್ಳಿಗಳಲ್ಲಿ ದಲಿತ ಮದುಮಗ ಕುದುರೆ ಏರಿದರೆ ಇಳಿಸಿ ಹೊಡೆದ ಸುದ್ದಿ ಈಗಲೂ ಬರುತ್ತೆ. ಒಂದು ಕುದುರೆಗೆ ಸೆಲ್ಯೂಟು, ಇನ್ನೊಂದು ಕುದುರೆಗೆ ಕಲ್ಲು. ಕುದುರೆಯಲ್ಲಿ ಏನು ಫರಕು? ಮೇಲೆ ಕೂತವನಲ್ಲಿ ತಾನೆ?

ಹಳೆಯದನ್ನು ಬಿಡೋದು ಪೆರೇಡಿಗೆ ಕಷ್ಟ. ಜನವರಿ 26ರ 21 ತೋಪುಗಳ ವಂದನೆಗೆ ಬ್ರಿಟಿಷರ ಕಾಲದ 25 ಪೌಂಡರ್ ತೋಪುಗಳೇ 2022ರ ತನಕ ನಡೆದವು. ಸ್ವದೇಶಿ 105 ಎಂ.ಎಂ. ತೋಪು ಆ ಜಾಗಕ್ಕೆ ಬಂದದ್ದು 2023ರಲ್ಲಿ. ಬೇರೆ ದೇಶಗಳೂ ಇದಕ್ಕೆ ಹೊರತಲ್ಲ. 2023ರ ಮೇ 9ರಂದು ಮಾಸ್ಕೋದ ವಿಜಯ ದಿನದ ಪೆರೇಡಿಗೆ ಬಂದ ಟ್ಯಾಂಕು ಒಂದೇ ಒಂದು, ಅದೂ ಎರಡನೇ ಮಹಾಯುದ್ಧದ ಕಾಲದ ಟಿ-34. ಉಕ್ರೇನಿನಲ್ಲಿ ಯುದ್ಧ ನಡೀತಾ ಇತ್ತು. ಪೆರೇಡು ಎಷ್ಟು ತೋರಿಸುತ್ತೋ ಅಷ್ಟೇ ಮುಚ್ಚುತ್ತೆ. ಅದು ಏನು ಮುಚ್ಚುತ್ತಿದೆ ಅನ್ನೋದನ್ನು ಓದಲು ಕಲಿಯಬೇಕು.

ನಮ್ಮದು ಗೊಂಬೆಯ ಊರು. 2015ರ ಪೆರೇಡಿನಲ್ಲಿ ಕರ್ನಾಟಕದ ಸ್ತಬ್ಧಚಿತ್ರವೇ ಚನ್ನಪಟ್ಟಣದ ಗೊಂಬೆಗಳು. ಅರಗಿನ ಬಣ್ಣ ಹತ್ತಿಸಿದ ಮೇಲೆ ಗೊಂಬೆ ಮಿರಮಿರ ಮಿಂಚುತ್ತೆ. ಬಣ್ಣದ ಕೆಳಗಿನ ಮರ ಹದವಾಗಿ ಒಣಗಿದೆಯೋ ಇಲ್ಲವೋ ಅನ್ನೋದು ಕಡೆದ ಕೈಗೆ ಮಾತ್ರ ಗೊತ್ತು. ಪೆರೇಡಿನ ಬಣ್ಣದ ಕೆಳಗೆ ಏನಿದೆ ಅಂತ ನೋಡೋಣ.

1971ರ ಡಿಸೆಂಬರಿನಲ್ಲಿ ಆ ಮುದಿ ಗಾಡಿಗಳು ಹರೆಯದಲ್ಲಿದ್ದಾಗ ದೇಶದ ರಕ್ಷಣಾ ಮಂತ್ರಿ ಯಾರು? ಬಾಬು ಜಗಜೀವನ ರಾಮ್. ಚಮ್ಮಾರರ ಕೇರಿಯಿಂದ ಬಂದವರು. ಯುದ್ಧ ಗೆದ್ದಿತು, ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಅದೇ ಬಾಬೂಜಿ ಎರಡನೇ ಸಲ ರಕ್ಷಣಾ ಮಂತ್ರಿಯಾಗಿದ್ದಾಗ, 1978ರ ಜನವರಿಯಲ್ಲಿ, ಕಾಶಿಯಲ್ಲಿ ಸಂಪೂರ್ಣಾನಂದರ ಪ್ರತಿಮೆಯನ್ನು ಅನಾವರಣ ಮಾಡಿದರು. ಅವರು ಹೊರಟ ಮೇಲೆ ಜಾತಿವಾದಿಗಳು ಗಂಗೆಯ ನೀರು ತಂದು ಪ್ರತಿಮೆಯನ್ನು ತೊಳೆದರು. ಇಡೀ ದೇಶದ ಟ್ಯಾಂಕು, ವಿಮಾನ, ಹಡಗು ಯಾರ ಕೈಕೆಳಗೆ ಇದ್ದವೋ, ಆತ ಮುಟ್ಟಿದ ಕಲ್ಲು ಮೈಲಿಗೆ! ಅಲ್ಲ ಸ್ವಾಮಿ, ಲಕ್ಷಾಂತರ ಸೈನಿಕರ ಮಂತ್ರಿಗೇ ಇಲ್ಲದ ಕವಚ, ಕೇರಿಯ ಹುಡುಗನಿಗೆ ಯೂನಿಫಾರಂ ಹಾಕಿದ ಮಾತ್ರಕ್ಕೆ ಬಂದುಬಿಡುತ್ತಾ?

ಈಗ ನಮ್ಮ ಜನರ ಸೈನ್ಯದ ಕಥೆ ಕೇಳಿ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯದ ಎದುರು ಕಂಪನಿಯ ಪರವಾಗಿ ನಿಂತವರಲ್ಲಿ ಮಹಾರ್ ಸಿಪಾಯಿಗಳು ಬಹಳ. ಸತ್ತವರ ಹೆಸರು ಅಲ್ಲಿನ ಕಂಬದ ಮೇಲೆ ಇದೆ. ಮುಂದೆ ಬ್ರಿಟಿಷರಿಗೆ ‘ವೀರ ಜಾತಿ’ಗಳ ಹುಚ್ಚು ಹಿಡಿಯಿತು. ಕೆಲವರು ಹುಟ್ಟಾ ಶೂರರು, ಉಳಿದವರು ಅಲ್ಲ ಅಂತ. ಮನುವಿನ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದರು. 1890ರ ದಶಕದ ಆರಂಭದಲ್ಲಿ ಮಹಾರರ ಭರ್ತಿ ನಿಂತಿತು. 1910ರಲ್ಲಿ ಶಿವರಾಮ್ ಜಾನಬಾ ಕಾಂಬಳೆ ಲಂಡನ್ನಿನ ಮಂತ್ರಿಯ ತನಕ ಅರ್ಜಿ ಬರೆದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದೇ ಹೋದಾಗ 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ಕ್ಕೆ ಅದೂ ಮುಗಿಯಿತು. ಎರಡನೇ ಮಹಾಯುದ್ಧ ಬಂತು. ಬಾಬಾಸಾಹೇಬರು ವೈಸ್‌ರಾಯ್ ರಕ್ಷಣಾ ಸಲಹಾ ಸಮಿತಿಯಲ್ಲಿ ಕೂತು ಪಟ್ಟು ಹಿಡಿದರು. 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಎಲ್ಲಿ ಗೊತ್ತೇ? ಬೆಳಗಾವಿಯಲ್ಲಿ, ಇವತ್ತಿನ ನಮ್ಮ ಕರ್ನಾಟಕದಲ್ಲಿ. 1943ರಲ್ಲಿ ಚಮ್ಮಾರರ ರೆಜಿಮೆಂಟು ಬಂತು, ಕೊಹಿಮಾದಲ್ಲಿ ಹೋರಾಡಿ ಹೆಸರು ಪಡೆಯಿತು. 1946ರಲ್ಲಿ ಅದನ್ನು ಬರಖಾಸ್ತು ಮಾಡಿದರು.

ಮಾದರಿ ಕಾಣ್ತಾ ಇದೆಯಾ? ಯುದ್ಧ ಬಂದರೆ ಕರೆ, ಮುಗಿದರೆ ಮನೆ. ಗಾಡಿಯ ಕಥೆಯೂ ಇದೇ ತಾನೆ? ಒಂದೇ ವ್ಯತ್ಯಾಸ. ಗಾಡಿಯನ್ನು ಐವತ್ತು ವರ್ಷದ ಮೇಲೆ ತೊಳೆದು ಬಣ್ಣ ಬಳಿದು ಬೀದಿಗೆ ತಂದರು. ಚಮ್ಮಾರ್ ರೆಜಿಮೆಂಟನ್ನು ಮತ್ತೆ ಕಟ್ಟಿ ಅನ್ನುವ ಬೇಡಿಕೆ ಮಾತ್ರ ಫೈಲಿನಲ್ಲೇ ಉಳಿದಿದೆ.

ಅದೆಲ್ಲ ಬ್ರಿಟಿಷರ ಕಾಲದ್ದು ಬಿಡ್ರಪ್ಪ ಅನ್ನೋರಿದ್ದಾರೆ. ಬಿಡೋಣ. ರಾಷ್ಟ್ರಪತಿಯ ಅಂಗರಕ್ಷಕ ಪಡೆ ಪೆರೇಡಿನ ದಿನ ರಾಷ್ಟ್ರಪತಿಯ ಜೊತೆ ಕುದುರೆ ಏರಿ ಬರುವ ಪಡೆ. ಅದಕ್ಕೆ ಜಾಟ್, ಜಾಟ್ ಸಿಖ್, ರಜಪೂತ ಈ ಮೂರು ಜನರಿಂದಲೇ ಭರ್ತಿ. ಈ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ 2013ರಲ್ಲಿ ಸೈನ್ಯ ಕೊಟ್ಟ ಉತ್ತರ ಏನು? ಎತ್ತರ, ಮೈಕಟ್ಟು, ಒಂದೇ ಥರದ ನೋಟ ಬೇಕು, ಪೆರೇಡಿನ ಅಗತ್ಯ ಅಂತ. ಕೆ.ಆರ್. ನಾರಾಯಣನ್ 1997ರಲ್ಲಿ, ರಾಮನಾಥ ಕೋವಿಂದ್ 2017ರಲ್ಲಿ ರಾಷ್ಟ್ರಪತಿಯಾದರು. ಇಬ್ಬರೂ ದಲಿತರು. ಕುರ್ಚಿಯಲ್ಲಿ ದಲಿತ ಕೂರಬಹುದು, ಅವನ ಮುಂದಿನ ಕುದುರೆಯ ಮೇಲೆ ಕೂರುವಂತಿಲ್ಲ. ಊರ ತೇರಿನ ನ್ಯಾಯ ದೆಹಲಿಯ ತನಕ ಹೋಗಿದೆ ನೋಡಿ.

ಗಾಡಿಯ ಉಕ್ಕು ಯಾರನ್ನು ಕಾಯುತ್ತೆ ಅನ್ನೋದೂ ನಮ್ಮ ಪ್ರಶ್ನೆ. ಗಡಿಯಲ್ಲಿ ಶತ್ರು ಬಂದರೆ ಕಾಯಲಿ, ಕಾಯಬೇಕು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಇಟ್ಟು ಸುಟ್ಟರು. ಕೇಸು ನಡೆಯಿತು, ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಖುಲಾಸೆಯನ್ನೇ ಎತ್ತಿಹಿಡಿಯಿತು. ಆ ಏಳು ಜನ ಸತ್ತದ್ದು ಯಾವ ಶತ್ರುದೇಶದ ರಾಕೆಟ್ಟಿನಿಂದ? ಸಾಕ್ಷಿ ಹೇಳಬೇಕಾದವನ ಸುತ್ತ ಯಾವ ಉಕ್ಕಿನ ಗೋಡೆ ಇತ್ತು? ದೇಶದ ರಕ್ಷಣೆ ಅಂದಾಗ ಕೇರಿ ಆ ದೇಶದೊಳಗೆ ಸೇರಿದೆಯೋ ಇಲ್ಲವೋ ಅಂತ ಕೇಳುವ ಹಕ್ಕು ನಮಗೆ ಇದೆ. ಚನ್ನಪಟ್ಟಣದಲ್ಲೇ ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿ ಹೆಜ್ಜೆ ಹಾಕಿ ಹೊರಬರುವವರಲ್ಲಿ ನಮ್ಮ ಅಣ್ಣಂದಿರೂ ಇರ್ತಾರೆ. ಅವರಿಗೂ ಈ ಪ್ರಶ್ನೆ ತಲುಪಲಿ.

ಹಾಗಾದರೆ ಸೈನ್ಯಕ್ಕೆ ಹೋಗಬೇಡಿ ಅಂತೀರಾ? ಇಲ್ಲ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯ ಮೇಷ್ಟ್ರು. 1891ರ ಏಪ್ರಿಲ್ 14ರಂದು ಬಾಬಾಸಾಹೇಬರು ಹುಟ್ಟಿದ್ದು ಮಹೂ ಎಂಬ ದಂಡಿನ ಊರಿನಲ್ಲಿ. ಕಂಪನಿಯ ಕಾಲದಿಂದ ಸಿಪಾಯಿಗಳಿಗೂ ಅವರ ಮಕ್ಕಳಿಗೂ ದಂಡಿನಲ್ಲಿ ಓದು ಬರಹ ಕಲಿಸುತ್ತಿದ್ದರು. ಹೊರಗೆ ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅದೊಂದು ಕಿಂಡಿ. ಅಂದರೆ ಸೈನ್ಯದಿಂದ ನಮ್ಮವರಿಗೆ ದಕ್ಕಿದ ದೊಡ್ಡ ಆಯುಧ ಬಂದೂಕಲ್ಲ, ಅಕ್ಷರ. ಅದರ ಜೊತೆಗೆ ಪಿಂಚಣಿ. ಮುಪ್ಪಿನಲ್ಲಿ ಗೌಡನ ಮನೆಯ ಮುಂದೆ ಕೈಕಟ್ಟಿ ನಿಲ್ಲದ ಹಾಗೆ ಮಾಡುವ ನಾಲ್ಕು ಕಾಸು. ಮಹಾರರ ಭರ್ತಿ ನಿಂತಾಗ ನಮ್ಮ ಹಿರಿಯರು ಅಷ್ಟು ಅರ್ಜಿ ಬರೆದದ್ದು ಸುಮ್ಮನೆ ಅಲ್ಲ. ಭರ್ತಿ ನಿಂತರೆ ಆ ಶಾಲೆ ಹೋಯಿತು, ಆ ಪಿಂಚಣಿ ಹೋಯಿತು.

ಈಗ 2022ರ ಜೂನ್ 14ರಂದು ಬಂದ ಅಗ್ನಿಪಥ್ ಯೋಜನೆಯನ್ನು ಈ ಅಳತೆಗೋಲಿನಲ್ಲಿ ಅಳೆಯಿರಿ. ಹದಿನೇಳೂವರೆ ವರ್ಷಕ್ಕೆ ಸೇರಬಹುದು. ನಾಲ್ಕು ವರ್ಷದ ಕೆಲಸ. ಮೊದಲ ವರ್ಷ ತಿಂಗಳಿಗೆ 30,000 ಸಂಬಳ ಅಂತ ಲೆಕ್ಕ, ಕೈಗೆ ಬರೋದು 21,000, ಉಳಿದದ್ದು ನಿಧಿಗೆ. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ ಇಪ್ಪತ್ತೈದರ ತನಕ ಉಳಿಸಿಕೊಳ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಕೊಟ್ಟು ನಮಸ್ಕಾರ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಭರ್ತಿ ಎಲ್ಲ ಜಾತಿಗೂ ತೆರೆದಿದೆ ಅಂತಲೂ ಹೇಳಿದರು. ಒಳ್ಳೇದು. ಆದರೆ ನಮ್ಮ ಹುಡುಗ ಪಿಯುಸಿ ಬಿಟ್ಟು ಹೋಗಿ ಇಪ್ಪತ್ತೊಂದೂವರೆಗೆ ವಾಪಸ್ಸು ಬಂದರೆ ಅವನ ಕೈಯಲ್ಲಿ ಪದವಿ ಇಲ್ಲ, ಊರಿನಲ್ಲಿ ಹೊಲ ಇಲ್ಲ. ಹೊಲ ಇರುವವನಿಗೆ ಆ ದುಡ್ಡು ಬಂಡವಾಳ. ಹೊಲ ಇಲ್ಲದವನಿಗೆ ಅದು ಅಕ್ಕನ ಮದುವೆ, ಅಪ್ಪನ ಆಸ್ಪತ್ರೆ, ಹಳೇ ಸಾಲದ ಬಡ್ಡಿ. ಯೋಜನೆ ಒಂದೇ, ಬೀಳುವ ಪೆಟ್ಟು ಬೇರೆ ಬೇರೆ.

ಅದಕ್ಕೆ ನಾವು ಹೇಳೋದು ಇಷ್ಟು.

ಒಂದು, ಓಡಿ. ಮೈ ಗಟ್ಟಿ ಮಾಡ್ಕೊಳ್ಳಿ. ಆದರೆ ಬೆಳಗ್ಗೆ ಓಡಿದವನು ಸಂಜೆ ಪುಸ್ತಕ ಬಿಡಬಾರದು. ಕಾಲಾಳಾಗಿ ಗಾಡಿಯ ಹೊಟ್ಟೆಯಲ್ಲಿ ಕೂರೋದೊಂದೇ ದಾರಿಯಲ್ಲ. ಪಿಯುಸಿ ಆದ ಮೇಲೆ ಎನ್‌ಡಿಎ ಪರೀಕ್ಷೆ, ಪದವಿ ಆದ ಮೇಲೆ ಸಿಡಿಎಸ್ ಪರೀಕ್ಷೆ. ಬರೆದು ಗೆದ್ದರೆ ಅಧಿಕಾರಿ. ಅಲ್ಲಿ ನಮಗೆ ಮೀಸಲಾತಿ ಇಲ್ಲ. ಹಾಸ್ಟೆಲುಗಳಲ್ಲಿ ಇದರ ಹೆಸರನ್ನೂ ಹೇಳೋರು ಕಡಿಮೆ. ಸುಪ್ರೀಂ ಕೋರ್ಟಿನ 2021ರ ಆದೇಶದಿಂದ ಎನ್‌ಡಿಎ ಹೆಣ್ಣುಮಕ್ಕಳಿಗೂ ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ 17 ಹುಡುಗಿಯರು ಅಲ್ಲಿಂದ ಹೆಜ್ಜೆ ಹಾಕಿ ಹೊರಬಂದರು. ಅಕ್ಕತಂಗಿಯರೇ, ಆ ಸಾಲಿನಲ್ಲಿ ನಿಮ್ಮ ಕೇರಿಯ ಹೆಸರೂ ಬರಲಿ.

ಎರಡು, ಪಿಂಚಣಿಯ ಪ್ರಶ್ನೆ ಬಿಡಬೇಡಿ. ಮುದಿ ಗಾಡಿಗೆ ಷೆಡ್ಡು ಕಟ್ಟಿ, ಎಣ್ಣೆ ಹಾಕಿ, ಬಣ್ಣ ಹೊಡೆಯಲು ದುಡ್ಡು ಇರುವ ಸರ್ಕಾರಕ್ಕೆ, ದುಡಿದು ಬಂದವನ ಮುಪ್ಪಿಗೂ ದುಡ್ಡು ಇರಬೇಕು.

ಮೂರು, ನಿಮ್ಮ ನಿಮ್ಮ ಕೇರಿಗಳಿಗೆ ಹೋದಾಗ ಮಿಲಿಟರಿಗೆ ಹೋಗಿ ಬಂದ ಮುದುಕರು ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ಯಾವ ಪಡೆ, ಯಾವ ವರ್ಷ, ಯಾವ ಗಾಡಿ. ಪಂಕ್ತಿಯಲ್ಲಿ ಜೊತೆ ಉಂಡವರು ರಜೆಯಲ್ಲಿ ಊರಿಗೆ ಬಂದಾಗ ಮನೆಗೆ ಕರೆದರೋ ಇಲ್ಲವೋ. ಯೂನಿಫಾರಂ ಬಿಚ್ಚಿದ ದಿನ ಊರಿನ ಹೋಟೆಲಿನಲ್ಲಿ ಲೋಟ ಎಲ್ಲಿ ಇಟ್ಟಿದ್ದರು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಗಾಡಿಗಳ ಚರಿತ್ರೆಗೆ ಮ್ಯೂಸಿಯಂ ಇವೆ. ಇವರ ಚರಿತ್ರೆಗೆ ನಿಮ್ಮ ನೋಟ್‌ಬುಕ್ಕೇ ಮ್ಯೂಸಿಯಂ.

ನಾಲ್ಕು, ಮುಂದಿನ ಜನವರಿ 26ರಂದು ಟಿ.ವಿ.ಯಲ್ಲಿ ಪೆರೇಡು ನೋಡಿ. ನೋಡಬೇಡಿ ಅನ್ನೋದಿಲ್ಲ. ಆ ದಿನ ಸೈನ್ಯದ ಹುಟ್ಟುಹಬ್ಬವಲ್ಲ, ಸಂವಿಧಾನ ಜಾರಿಗೆ ಬಂದ ದಿನ. ಅದನ್ನು ಬರೆಯುವ ಸಮಿತಿಯ ಮುಖಂಡರು 1949ರ ನವೆಂಬರ್ 25ರಂದು ಸಭೆಗೆ ಎಚ್ಚರಿಕೆ ಕೊಟ್ಟಿದ್ದರು. ರಾಜಕೀಯದಲ್ಲಿ ಒಬ್ಬನಿಗೆ ಒಂದು ವೋಟು ಸಮಾನವಾಗಿ ಸಿಗುತ್ತೆ, ಬದುಕಿನಲ್ಲಿ ಅಸಮಾನತೆ ಹಾಗೇ ಉಳಿಯುತ್ತೆ, ಈ ವಿರೋಧವನ್ನು ಬೇಗ ನೀಗದಿದ್ದರೆ ಅದರಿಂದ ನರಳುವವರೇ ಈ ಕಟ್ಟಡವನ್ನು ಕೆಡವಿಯಾರು ಅಂತ. ಪೆರೇಡಿನಲ್ಲಿ ಆ ಎಚ್ಚರಿಕೆಗೆ ಸ್ತಬ್ಧಚಿತ್ರ ಇಲ್ಲ. ಅದಕ್ಕೆ ನೀವು ಹಾಸ್ಟೆಲಿನ ಅಂಗಳದಲ್ಲಿ ಬಾವುಟದ ಕೆಳಗೆ ನಿಂತು ಪೀಠಿಕೆಯನ್ನು ಗಟ್ಟಿಯಾಗಿ ಓದಿ. ಅಡುಗೆಯವರನ್ನು, ಕಸ ಗುಡಿಸುವವರನ್ನು ಸಾಲಿನ ಮುಂದೆ ನಿಲ್ಲಿಸಿಕೊಂಡು ಓದಿ. ಮೆರವಣಿಗೆಯ ಸಾಲನ್ನು ಬದಲಿಸೋದು ಅಲ್ಲಿಂದ ಶುರುವಾಗಲಿ.

ಟೋಪಾಸಿನ ಗೋಡೆ ಹಳೆಯದಾಯಿತು, ಅದನ್ನು ಬಿಟ್ಟು ಹೊಸ ಗಾಡಿ ತಂದರು. ಜಾತಿಯ ಗೋಡೆ ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಅದನ್ನು ಮಾತ್ರ ವರ್ಷ ವರ್ಷ ಬಣ್ಣ ಬಳಿದು ಊರ ಬೀದಿಯಲ್ಲಿ ಎಳೀತಾನೇ ಇದ್ದಾರೆ. ಆ ಗಾಡಿಗೆ ಹಗ್ಗ ಹಿಡಿಯುವ ಕೈಗಳಲ್ಲಿ ನಮ್ಮ ಕೈಗಳೂ ಇವೆ ಗೆಳೆಯರೇ. ಹಗ್ಗ ಬಿಡೋಣ.

ಜೈ ಭೀಮ್.